ಹೊರಳಲು ಕಲಿತ ಕೂಸಿನ ಹಾಸಿಗೆ

ಕೂಸನ್ನು ತೊಟ್ಟಿಲಿಗೆ ಹಾಕುವುದಕ್ಕೆ ನಮ್ಮಲ್ಲಿ ಶಾಸ್ತ್ರವುಂಟು. ನೆರೆಹೊರೆಯ ಹೆಂಗಸರು ಕೂಡುತ್ತಾರೆ. ಹೆಸರಿಟ್ಟು ಜೋಗುಳ ಹಾಡಿ ಗುಗ್ಗರಿ ಹಂಚುತ್ತಾರೆ. ಆದರೆ ಅದೇ ಕೂಸನ್ನು ತೊಟ್ಟಿಲಿನಿಂದ ಬಿಡಿಸುವುದಕ್ಕೆ ಶಾಸ್ತ್ರವೂ ಇಲ್ಲ, ಗೊತ್ತಾದ ದಿನವೂ ಇಲ್ಲ. ಕೂಸು ತಾನಾಗಿ ಒಲ್ಲೆನೆನ್ನುವವರೆಗೆ, ಇಲ್ಲವೆ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟುವವರೆಗೆ ತೊಟ್ಟಿಲು ತೂಗುತ್ತಲೇ ಇರುತ್ತದೆ. ಈ ಅಲಕ್ಷ್ಯವು ಅಪಾಯಕರವಾದುದೆಂದು ನಾವು ತಿಳಿಯುತ್ತೇವೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ತೊಟ್ಟಿಲೆಂದರೆ ಎರಡು ಬಗೆ. ಒಂದು ಮರದ್ದು, ಅದರಲ್ಲಿ ಧಾರವಾಡದ ಕಡೆಯ ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದುದು. ಇನ್ನೊಂದು, ಹಳೆಯ ಸೀರೆಯನ್ನು ಜಂತಿಗೋ ಬೇವಿನ ಕೊಂಬೆಗೋ ಕಟ್ಟಿದ ಜೋಳಿಗೆ. ಇಳಕಲ್ಲಿನ ನೇಕಾರರ ಮನೆಯಲ್ಲಿ ಗಂಡನು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿರುವಾಗ ಹೆಂಡತಿಯು ಕಂಡಿಕೆ ಸುತ್ತುತ್ತ ನಡುನಡುವೆ ಜೋಳಿಗೆಯ ಹಗ್ಗವನ್ನು ಜಗ್ಗುತ್ತಿರುತ್ತಾಳೆ. ಕಳೆ ಕೀಳಲು ಹೋದವಳ ಕೂಸು ಹೊಲದ ಬದುವಿನಲ್ಲಿ ತೂಗುತ್ತಿರುತ್ತದೆ. ಇದರಲ್ಲಿ ತಾಯಂದಿರ ತಪ್ಪನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ದುಡಿಯಲೇಬೇಕಾದ ಕೈಗಳಿಗೆ ಜೋಳಿಗೆಯು ದೊಡ್ಡ ಆಸರೆ. ಅದರಲ್ಲಿ ಕೂಸು ಮಲಗುವುದೂ ಅಂಗಾತವಾಗಿಯೇ.

ಅಂಗಾತವಾಗಿ ಮಲಗಿಸುವ ನಮ್ಮ ಅಜ್ಜಿಯರ ರೂಢಿಯೇ ಸರಿಯೆಂದು ಒಪ್ಪಲು ಪಶ್ಚಿಮದ ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಅಮೆರಿಕದ ಪ್ರಸಿದ್ಧ ಮಕ್ಕಳ ವೈದ್ಯರಾದ ಬೆಂಜಮಿನ್ ಸ್ಪಾಕರ ಪುಸ್ತಕವು 1950ರ ದಶಕದ ಉತ್ತರಾರ್ಧದಿಂದ ಕೂಸನ್ನು ಬೋರಲಾಗಿ ಮಲಗಿಸಬೇಕೆಂದು ಬೋಧಿಸಿತು. ಅಂಗಾತ ಮಲಗಿದ ಕೂಸು ಕಕ್ಕಿಕೊಂಡರೆ ಉಸಿರು ಕಟ್ಟೀತೆಂಬುದು ಅದರ ವಾದ. ಲಕ್ಷಾಂತರ ತಾಯಂದಿರು ಅದನ್ನು ನಂಬಿದರು. ಆರೋಗ್ಯವಾಗಿದ್ದ ಕೂಸುಗಳು ನಿದ್ದೆಯಲ್ಲಿಯೇ ತೀರಿಕೊಳ್ಳುವುದು ಆ ದೇಶಗಳಲ್ಲಿ ಹೆಚ್ಚಾಯಿತು. ನೆದರ್ಲೆಂಡ್ಸ್ 1987ರಲ್ಲಿ, ನ್ಯೂಜಿಲೆಂಡ್ ಮತ್ತು ಬ್ರಿಟನ್ನುಗಳು 1991ರಲ್ಲಿ, ಅಮೆರಿಕವು 1994ರಲ್ಲಿ ಬೋರಲು ಮಲಗಿಸಬೇಡಿರೆಂದು ಪ್ರಚಾರ ಕೈಕೊಂಡವು. ಅಮೆರಿಕದಲ್ಲಿ 1992ರಲ್ಲಿ ಸಾವಿರ ಜನನಗಳಿಗೆ ಸುಮಾರು 1.2ರಷ್ಟಿದ್ದ ಇಂಥ ಮರಣಗಳು 2001ರ ವೇಳೆಗೆ ಸುಮಾರು ಅರ್ಧಕ್ಕಿಳಿದವು. ಪುರಾವೆಯು 1970ರಲ್ಲಿಯೇ ಕೈಗೆಟುಕುವಂತಿತ್ತೆಂದೂ, ಆಗಲೇ ಎಚ್ಚೆತ್ತಿದ್ದರೆ ಯೂರೋಪು, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕಡಿಮೆಯೆಂದರೆ 50,000 ಶಿಶುಗಳು ಉಳಿಯುತ್ತಿದ್ದವೆಂದೂ 2005ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಲೆಕ್ಕ ಹಾಕಿತು.

ಕಕ್ಕಿದ ಹಾಲು ನೆತ್ತಿಗೇರೀತೆಂಬ ಭಯ ನಮ್ಮಲ್ಲಿಯೂ ಇದೆಯಾದುದರಿಂದ ದೇಹದ ರಚನೆಯನ್ನು ಕೊಂಚ ನೋಡೋಣ. ಶ್ವಾಸನಾಳವಿರುವುದು ಕತ್ತಿನ ಮುಂಭಾಗದಲ್ಲಿ. ಅನ್ನನಾಳ ಅದರ ಹಿಂದೆ. ಕೂಸು ಅಂಗಾತ ಮಲಗಿದಾಗ ಶ್ವಾಸನಾಳವು ಮೇಲಾಗಿಯೂ ಅನ್ನನಾಳವು ಕೆಳಗಾಗಿಯೂ ಇರುತ್ತವೆ. ಮೇಲೆ ಬಂದ ಹಾಲು ಶ್ವಾಸನಾಳವನ್ನು ಹೊಗಬೇಕಾದರೆ ಏರಿ ಹೋಗಬೇಕು. ಬೋರಲಾದಾಗ ಇದು ತಿರುಗುಮುರುಗಾಗುತ್ತದೆ. ಅಲ್ಲದೆ ಮೆತ್ತನೆಯ ಹಾಸಿಗೆಯಲ್ಲಿ ಮುಖ ಹುದುಗಿದ ಕೂಸು ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳುವುದರಿಂದ ಆಮ್ಲಜನಕ ಕಡಿಮೆಯಾಗಿ ಇಂಗಾಲಾಮ್ಲ ವಾಯು ಹೆಚ್ಚುತ್ತದೆ. ಬೋರಲು ಮಲಗಿದ ಕೂಸಿನ ನಿದ್ದೆ ಗಾಢವಾದುದು. ಉಸಿರಿಗೆ ತೊಡಕಾದಾಗ ಅದು ಸುಲಭವಾಗಿ ಎಚ್ಚರಗೊಳ್ಳದು. ಬೋರಲು ಹಾಕಿದರೆ ಚೆನ್ನಾಗಿ ಮಲಗುತ್ತದೆಂದು ಸಂತೋಷಪಡುವವರು ಇದನ್ನು ಗಮನಿಸಬೇಕು.

ಇಷ್ಟರವರೆಗೆ ಅಜ್ಜಿಯರ ಪಕ್ಷವೇ ಗೆದ್ದಿತು. ಆದರೆ ನಾಲ್ಕರಿಂದ ಆರು ತಿಂಗಳೊಳಗೆ ಕೂಸು ತಾನೇ ಹೊರಳಲು ಕಲಿಯುತ್ತದೆ. ರಾತ್ರಿ ಅಂಗಾತ ಮಲಗಿಸಿದ್ದು ಬೆಳಿಗ್ಗೆ ಡಬ್ಬ ಬಿದ್ದಿರುತ್ತದೆ. ತಾಯಿ ರಾತ್ರಿಯೆಲ್ಲ ಎದ್ದು ಕುಳಿತು ತಿರುಗಿಸುತ್ತಿರಬೇಕೆ? ಬೇಕಾಗಿಲ್ಲ. ವರ್ಷ ತುಂಬುವವರೆಗೆ ಮಲಗಿಸುವಾಗ ಅಂಗಾತವಾಗಿಯೇ ಮಲಗಿಸಬೇಕು. ಅಂಗಾತದಿಂದ ಬೋರಲಿಗೂ ಬೋರಲಿನಿಂದ ಅಂಗಾತಕ್ಕೂ ತಾನೇ ಹೊರಳಬಲ್ಲ ಕೂಸು ಆಮೇಲೆ ಹೇಗೆ ಹೊರಳಿದರೂ ಹಾಗೆಯೇ ಬಿಡಬಹುದು. ಒಂದೇ ಕಡೆಗೆ ಹೊರಳಬಲ್ಲ ಕೂಸನ್ನು ಮಾತ್ರ ಕಂಡಾಗ ಮೆಲ್ಲನೆ ತಿರುಗಿಸಬೇಕು. ಹೊರಳದಿರಲೆಂದು ಎರಡೂ ಮಗ್ಗುಲಿಗೆ ದಿಂಬುಗಳನ್ನು ಒತ್ತಿಡುವುದು ಸಲ್ಲದು. ಬಟ್ಟೆಯಲ್ಲಿ ಕೈಕಾಲು ಬಿಗಿದು ಸುತ್ತುವ ಪದ್ಧತಿಯನ್ನು ಕೂಸು ಹೊರಳುವ ಲಕ್ಷಣ ತೋರಿದ ದಿನವೇ ನಿಲ್ಲಿಸಬೇಕು. ಕೈ ಕಟ್ಟಿದ ಕೂಸು ಬೋರಲಾದರೆ ಮುಖವನ್ನು ಎತ್ತಿಕೊಳ್ಳುವುದೆಂತು?

ಆದುದರಿಂದ ಹೊರಳುವ ಕೂಸಿನ ವಿಷಯದಲ್ಲಿ ಕಾಯಬೇಕಾದುದು ಅದರ ಮಗ್ಗುಲನ್ನಲ್ಲ, ಹಾಸಿಗೆಯನ್ನು. ಅಮೆರಿಕದ 24 ರಾಜ್ಯಗಳಲ್ಲಿ ನಿದ್ದೆಯಲ್ಲಿ ಸಂಭವಿಸಿದ 8,207 ಶಿಶುಮರಣಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದು ಸ್ಪಷ್ಟವಾಗಿದೆ. ಮೊದಲ ಮೂರು ತಿಂಗಳ ಕೂಸುಗಳಲ್ಲಿ ದೊಡ್ಡವರೊಡನೆ ಒಂದೇ ಹಾಸಿಗೆಯಲ್ಲಿ ಮಲಗಿದ್ದುದು ಎದ್ದು ಕಂಡರೆ, ನಾಲ್ಕು ತಿಂಗಳು ದಾಟಿದವುಗಳಲ್ಲಿ ಬೋರಲಾಗಿ ಹೊರಳಿದ್ದುದೂ ಹಾಸಿಗೆಯಲ್ಲಿ ಹೊದಿಕೆ, ಬೊಂಬೆ ಮೊದಲಾದ ವಸ್ತುಗಳಿದ್ದುದೂ ಎದ್ದು ಕಂಡವು.

ಕೂಸಿನ ಹಾಸಿಗೆ ಸಮತಲವಾಗಿರಬೇಕು, ಗಟ್ಟಿಯಾಗಿರಬೇಕು, ಬರಿದಾಗಿರಬೇಕು. ಇದಕ್ಕೆ ಪೇಟೆಯಿಂದ ಏನನ್ನೂ ಕೊಳ್ಳಬೇಕಾಗಿಲ್ಲ. ಹಳೆಯ ಇಳಕಲ್ಲ ಸೀರೆಗಳನ್ನು ಪದರವಿಟ್ಟು ಹೊಲಿದ ತೆಳುವಾದ ಕೌದಿಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿದರೆ ಪೇಟೆಯ ಸ್ಪಂಜಿನ ಹಾಸಿಗೆಗಿಂತ ಅದು ಮೇಲು. ಆದರೆ ಕೌದಿ ಕೂಸಿನ ಕೆಳಗಿರಲಿ, ಮೇಲೆ ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬು, ಬಟ್ಟೆಯ ಸಿಂಬಿ ಇವೂ ಬೇಡ; ಎಚ್ಚರವಿದ್ದಾಗ ದೊಡ್ಡವರ ಕಣ್ಣೆದುರಿನಲ್ಲಿ ಕೂಸನ್ನು ಬೋರಲು ಬಿಟ್ಟು ಆಡಿಸಿದರೆ ತಲೆಯ ಹಿಂಭಾಗ ಚಪ್ಪಟೆಯಾಗುವುದೂ ಕಡಿಮೆಯಾಗುತ್ತದೆ, ಕತ್ತಿಗೂ ಬಲ ಬರುತ್ತದೆ.

ಇನ್ನು ಜೋಳಿಗೆ. ಅದು ಎಷ್ಟೇ ಹಿತವಾಗಿ ತೂಗಿದರೂ ಸಮತಲವಲ್ಲ. ಬಾಗಿದ ಬಟ್ಟೆಯಲ್ಲಿ ಕೂಸಿನ ಗದ್ದವು ಎದೆಗೆ ಒತ್ತಿ, ಎಳೆಯ ಶ್ವಾಸನಾಳವು ಕಿರಿದಾಗುವ ಸಂಭವವುಂಟು. ಮಡಿಕೆಗಳ ನಡುವೆ ಹೊರಳಿದ ಕೂಸಿಗೆ ಮರಳಿ ಹೊರಳಲು ಸ್ಥಳವಿರದು. ಅಡ್ಡಕೋಲು ಸಿಕ್ಕಿಸಿದರೆ ಬಾಯಿ ಅಗಲವಾದೀತೇ ಹೊರತು ತಳವು ಚಪ್ಪಟೆಯಾಗದು. ಮಂಡಿಯೂರಿ ಏಳಬಲ್ಲ ಕೂಸಂತೂ ತಲೆ ಹೊರಚಾಚಿ ಬೀಳಬಹುದು; ಬಟ್ಟೆಯ ಇಲ್ಲವೆ ಹಗ್ಗದ ಸುರುಳಿಯಲ್ಲಿ ಕತ್ತು ಸಿಕ್ಕಿ ಮಕ್ಕಳು ಸತ್ತ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕಬ್ಬಿಣದ ಚೌಕಟ್ಟಿಗೆ ಸ್ಪ್ರಿಂಗು ತೂಗಹಾಕಿದ ಹೊಸ ಬಗೆಯ ತೊಟ್ಟಿಲಿನಲ್ಲಿಯೂ ಬಟ್ಟೆ ಬಟ್ಟೆಯೇ. ಮರದ ತೊಟ್ಟಿಲು ಹಲಗೆಯ ತಳದಿಂದಾಗಿ ಇವೆರಡಕ್ಕಿಂತ ಉತ್ತಮವಾದರೂ ಅದರ ಕಂಬಿಗಳ ನಡುವಣ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಕೂಸು ಏಳಲು ತೊಡಗಿದ ಮೇಲೆ ತೂಗಾಡುವ ಯಾವುದೂ ತಕ್ಕುದಲ್ಲ. ಜೋಳಿಗೆಯಲ್ಲಿಯೇ ನಿದ್ದೆ ಬರುವುದೆಂದು ಹಟ ಹಿಡಿಯುವ ಕೂಸನ್ನು ತಾಯಿ ನೋಡುತ್ತಿರುವಾಗ ಅದರಲ್ಲಿ ತೂಗಿ, ಕಣ್ಣು ಮುಚ್ಚಿದೊಡನೆ ನೆಲಕ್ಕಿಳಿಸುವುದು ನಡುವಣ ದಾರಿ. ಹೊರಳಲು ಕಲಿತ ಮೇಲೆ ಅದೂ ಬೇಡವೆಂಬುದೇ ನಮ್ಮ ಮತ.

ತಾಯಿ ಮಗು ಒಂದೇ ಕೋಣೆಯಲ್ಲಿ ಮಲಗುವುದು ಒಳ್ಳೆಯದೇ; ಕೂಸಿಗೆ ಕೈಯಳತೆಯಲ್ಲಿ ಬೇರೆ ಹಾಸಿದರೆ ಇನ್ನೂ ಒಳ್ಳೆಯದು. ಬೀಡಿ ಸೇದಿದವರ, ಕುಡಿದವರ ಮಗ್ಗುಲಿಗೆ ಅದನ್ನು ಎಂದೂ ಹಾಕಬಾರದು. ಬಾಗಲಕೋಟೆಯ ಬೇಸಿಗೆಯಲ್ಲಿ ತಲೆಗೆ ಕುಂಚಿಗೆ ಕಟ್ಟಿ ಮಲಗಿಸುವುದು ಅನರ್ಥಕರ: ಕೂಸು ಮೈಯ ಕಾವನ್ನು ಹೊರಗೆಡಹುವುದು ಬಹುಮಟ್ಟಿಗೆ ತಲೆಯಿಂದ, ಅತಿಯಾದ ಸೆಕೆಯೂ ನಿದ್ದೆಯ ಸಾವಿಗೆ ಒಂದು ಕಾರಣವೆಂದು ಗೊತ್ತಾಗಿದೆ. ಕೊರಳ ತಾಯಿತವನ್ನು ಮಲಗಿಸುವಾಗ ತೆಗೆದಿಡಬೇಕು. ಮಾಳಿಗೆಯ ಮೇಲೆ ಮಲಗುವವರು ಹೊರಳುವ ಕೂಸನ್ನು ಅಂಚಿನ ಬಳಿ ಮಲಗಿಸುವುದಿಲ್ಲವೆಂದು ನಂಬುತ್ತೇವೆ.

ನಮ್ಮ ದೇಶದಲ್ಲಿ ಶಿಶುಗಳನ್ನು ಕೊಲ್ಲುವ ಮುಖ್ಯ ಕಾರಣಗಳು ಅವಧಿಗೆ ಮುನ್ನ ಹುಟ್ಟುವಿಕೆ, ನ್ಯುಮೋನಿಯಾ, ಭೇದಿ ಇಂಥವು; ಹಾಸಿಗೆಯ ಮಾತು ಅವುಗಳ ಮುಂದೆ ಸಣ್ಣದೆನ್ನುವವರಿದ್ದಾರೆ. ಆದರೆ ಈ ಚಿಕಿತ್ಸೆಗೆ ಔಷಧ ಬೇಡ, ಹಣ ಬೇಡ. ಒಂದು ಮಾತು ಸಾಕು. ಅದನ್ನು ಹೇಳುವವರೂ ಮನೆ ಬಾಗಿಲಿಗೆ ಬರುತ್ತಲೇ ಇದ್ದಾರೆ. 2018ರಲ್ಲಿ ಆರಂಭವಾದ ಯೋಜನೆಯಂತೆ ಆಶಾ ಕಾರ್ಯಕರ್ತೆಯರು ಕೂಸಿನ ಮೂರನೆಯ ತಿಂಗಳಲ್ಲೊಮ್ಮೆ, ಆರನೆಯದರಲ್ಲೊಮ್ಮೆ ಮನೆಗೆ ಭೇಟಿ ಕೊಡತಕ್ಕದ್ದು. ಈ ಎರಡು ಭೇಟಿಗಳ ನಡುವೆಯೇ ಬಹುಪಾಲು ಕೂಸುಗಳು ಹೊರಳಲು ಕಲಿಯುತ್ತವೆ. ಹಾಲು, ತೂಕ, ಲಸಿಕೆಗಳನ್ನು ವಿಚಾರಿಸುವ ಆ ಅಕ್ಕ "ಕೂಸು ಎಲ್ಲಿ ಮಲಗತೈತ್ರಿ, ತೋರಸ್ರಿ" ಎಂದು ಕೇಳಿ, ಜಂತಿಯ ಜೋಳಿಗೆಯನ್ನು ತಾನೇ ಮುಂದೆ ನಿಂತು ಬಿಚ್ಚಿಸಿ, ನೆಲದ ಮೇಲೆ ಕೌದಿ ಹಾಸಿಸಿ ಹೋಗಲಿ.