ಹಳದಿ ದೀಪ ಮಿಣುಕಿದಾಗ

ಮಳೆ ಹಿಡಿದ ಒಂದು ಸಂಜೆ ನಮ್ಮ ವಾಳೆಯ ಗುರಿಕಾರರು ಫೋನು ಮಾಡಿದರು. "ಗುಡ್ಡೆಮನೆಯ ಆಂಟಿಯ ಮಗ ದುಬೈಯಿಂದ ನನಗೆ ಮೂರು ಸಲ ಫೋನು ಮಾಡಿದ. ಎರಡು ದಿನದಿಂದ ತಾಯಿಯ ಸುದ್ದಿಯೇ ಇಲ್ಲವಂತೆ. ನಾನು ಹೋಗಿ ನೋಡಿ ಬಂದೆ, ಆಂಟಿ ಗಟ್ಟಿಮುಟ್ಟಾಗಿದ್ದಾರೆ. ಕೆಟ್ಟದ್ದು ಆ ಮಾತನಾಡುವ ಡಬ್ಬಿ ಮಾತ್ರ. ನಿಮಗೆ ಈ ಮೆಷಿನುಗಳ ವಿಷಯ ಸ್ವಲ್ಪ ಗೊತ್ತಲ್ಲ, ಒಮ್ಮೆ ನೋಡಿಕೊಡುತ್ತೀರಾ?"

ನಾವು ಮನೆಯವರು ಇಬ್ಬರೂ ಮರುದಿನ ಕೊಡೆ ಹಿಡಿದು ಗುಡ್ಡೆ ಹತ್ತಿದೆವು. ಆ ಮನೆಗೆ ಮೊಬೈಲಿನ ರೇಂಜ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಜೋರು ಮಳೆಗೆ ಅಲ್ಲಿ ನಿಂತು ಮಾತನಾಡುವವರು ಯಾರು? ಅದಕ್ಕೇ ಮಗ ಕಳೆದ ಸಲ ಊರಿಗೆ ಬಂದಾಗ ಮನೆಗೆ ಇಂಟರ್ನೆಟ್ ಹಾಕಿಸಿ, ಒಂದು ಎಕೋ ಡಾಟ್ ಸ್ಪೀಕರನ್ನು ಊಟದ ಮೇಜಿನ ಮೇಲೆ ಇಟ್ಟು ಹೋಗಿದ್ದ. ನಾವು ಹೋದಾಗ ಅದು ವಯರು ಕಿತ್ತು, ಕೈಒರಸುವ ಬಟ್ಟೆ ಹೊದ್ದುಕೊಂಡು ಮಲಗಿತ್ತು.

"ಏನಾಯಿತು ಆಂಟಿ?" ಎಂದು ಕೇಳಿದೆವು.

"ಹಳದಿ ದೀಪ ಬಂತು. ಮಿಣುಕ್ ಮಿಣುಕ್ ಅಂತ ನಿಲ್ಲುವುದೇ ಇಲ್ಲ. ಗುಡುಗು ಬೇರೆ. ಸುಟ್ಟುಹೋದರೆ ಮನೆಗೇ ಬೆಂಕಿ ಹಿಡಿದೀತು ಅಂತ ಕಿತ್ತುಬಿಟ್ಟೆ" ಎಂದರು.

ಆ ಹಳದಿ ದೀಪ ಮಗನ ಸಂದೇಶವಾಗಿತ್ತು. ರಜೆಯ ತಾರೀಕು ಬದಲಾಗಿದೆ ಎಂದು ಅವನು ಹೇಳಿ ಕಳಿಸಿದ್ದ. ತಾಯಿಗೆ ಅದು ಬೆಂಕಿಯ ಸೂಚನೆಯಾಯಿತು, ತಾಯಿಯ ಮೌನ ಮಗನಿಗೆ ಇನ್ನೇನೋ ಆಯಿತು. ಇಬ್ಬರನ್ನೂ ದೂರುವಂತಿಲ್ಲ. ಕೊಟ್ಟವನು ಬಣ್ಣಗಳ ಅರ್ಥ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಅಮೆಜಾನಿನ ಈ ಸ್ಪೀಕರು ನಮ್ಮ ದೇಶಕ್ಕೆ ಬಂದದ್ದು 2017ರಲ್ಲಿ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಗಲ್ಫಿನಿಂದಲೋ ಬೆಂಗಳೂರಿನಿಂದಲೋ ಮಕ್ಕಳು ತಂದಿಟ್ಟದ್ದು ಕಾಣುತ್ತದೆ. ಹಾಗಾಗಿ ಆಂಟಿಗೆ ಹೇಳಿದ್ದನ್ನೇ ಈ ತಿಂಗಳು ನಿಮಗೂ ಹೇಳುತ್ತಿದ್ದೇವೆ.

ಮೊದಲಿಗೆ, ದೀಪ ಎಲ್ಲಿದೆ ಎಂದು ನೋಡಿಕೊಳ್ಳಿ. ಹಳೆಯ ಮಾದರಿಗಳಲ್ಲಿ ಅದು ನೆತ್ತಿಯ ಮೇಲೆ ಬಳೆಯಂತೆ ಇರುತ್ತದೆ. 2020ರಲ್ಲಿ ಬಂದ ಚೆಂಡಿನಾಕಾರದ್ದರಲ್ಲಿ ಅಡಿಯಲ್ಲಿದ್ದು, ಬೆಳಕು ಮೇಜಿನ ಮೇಲೆ ಬೀಳುತ್ತದೆ. ಪರದೆಯಿರುವ ಮಾದರಿಗಳಲ್ಲಿ ಪರದೆಯ ಕೆಳಗೆ ಒಂದು ಗೆರೆಯಾಗಿ ಕಾಣುತ್ತದೆ. ಎಲ್ಲಿದ್ದರೂ ಬಣ್ಣಗಳ ಅರ್ಥ ಹೆಚ್ಚುಕಡಿಮೆ ಒಂದೇ. ಏನೂ ಬೆಳಗದೆ ಸುಮ್ಮನಿದ್ದರೆ ಅದು ಕೆಟ್ಟಿದೆ ಎಂದಲ್ಲ, ಕರೆಗಾಗಿ ಕಾಯುತ್ತಿದೆ ಎಂದರ್ಥ.

ನೀಲಿ ಬೆಳಗಿದರೆ ಅದು ತನ್ನ ಹೆಸರನ್ನು ಕೇಳಿಸಿಕೊಂಡಿದೆ ಎಂದು ತಿಳಿಯಿರಿ. ನೀಲಿಯ ನಡುವೆ ತಿಳಿ ಆಕಾಶಬಣ್ಣದ ತುಣುಕೊಂದು ಮಾತನಾಡಿದವರ ದಿಕ್ಕಿಗೆ ತಿರುಗಿರುತ್ತದೆ. ನಮ್ಮ ಮನೆಗಳಲ್ಲಿ ಇದರದೊಂದು ತಮಾಷೆಯಿದೆ. ಅಲೆಕ್ಸ್ ಎಂಬ ಹೆಸರು ನಮ್ಮಲ್ಲಿ ಕಡಿಮೆಯೇ? ಹಿತ್ತಿಲಲ್ಲಿರುವ ಮಗನನ್ನು "ಅಲೆಕ್ಸಾ" ಎಂದು ರಾಗವೆಳೆದು ಕೂಗಿದರೆ ಮೇಜಿನ ಮೇಲಿನದೂ ಕಣ್ಣು ಬಿಡುತ್ತದೆ! ಅಂಥ ಮನೆಯವರು ಅದನ್ನು ಎಚ್ಚರಿಸುವ ಹೆಸರನ್ನು ಫೋನಿನ ಅಲೆಕ್ಸಾ ಆ್ಯಪಿನಲ್ಲಿ 'ಎಕೋ' ಎಂದೋ 'ಕಂಪ್ಯೂಟರ್' ಎಂದೋ ಬದಲಾಯಿಸಿಕೊಳ್ಳುವುದು ಲೇಸು. ಯಾರೂ ಕರೆಯದೆ ನೀಲಿ ಬಂದರೆ ಟಿ.ವಿ.ಯ ಮಾತನ್ನು ತನ್ನ ಹೆಸರೆಂದು ಅದು ತಪ್ಪು ತಿಳಿದಿರಬಹುದು. ಆ ಹೊತ್ತಿನ ನಿಮ್ಮ ಮಾತು ಧ್ವನಿಯಾಗಿ ಕಂಪೆನಿಯ ಕಂಪ್ಯೂಟರಿಗೆ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಹಾಗೆ ಹೋದದ್ದನ್ನು ಆ್ಯಪಿನ ಪ್ರೈವೆಸಿ ವಿಭಾಗದಲ್ಲಿ ಕೇಳಿ ನೋಡಿ ಅಳಿಸಲಿಕ್ಕೆ ಬರುತ್ತದೆ.

ಕಿತ್ತಳೆ ಬಣ್ಣ ಸುತ್ತುತ್ತಿದ್ದರೆ ಅದು ಇಂಟರ್ನೆಟ್ಟನ್ನು ಹುಡುಕುತ್ತಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಇದು ಸಾಮಾನ್ಯ; ವೈಫೈ ಪೆಟ್ಟಿಗೆ ಏಳುವ ಮೊದಲೇ ಸ್ಪೀಕರು ಎದ್ದು ಕೂತಿರುತ್ತದೆ. ಐದು ನಿಮಿಷ ಕಾಯಿರಿ. ಕೈ ಸುಮ್ಮನಿರದೆ ಚುಕ್ಕೆ ಗುರುತಿನ ಗುಂಡಿಯನ್ನು ಒತ್ತಿ ಹಿಡಿದರೆ ಅದು ಹೊಸದಾಗಿ ಜೋಡಿಸುವ ಸ್ಥಿತಿಗೆ ಹೋಗಿಬಿಡುತ್ತದೆ. ಇನ್ನೂ ಹೆಚ್ಚು ಹೊತ್ತು ಹಿಡಿದರೆ ಹಲವು ಮಾದರಿಗಳಲ್ಲಿ ಮಗ ಮಾಡಿಟ್ಟ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತದೆ. ಬಿಳಿ ದೀಪ ಬಂದರೆ ಸದ್ದು ಹೆಚ್ಚು ಕಡಿಮೆ ಆಗುತ್ತಿದೆ. ನಿಮ್ಮ ಮಾತಿಗೆ ಉತ್ತರ ಕೊಟ್ಟು ಕೊನೆಗೆ ಒಮ್ಮೆ ನೇರಳೆ ಮಿಂಚಿದರೆ 'ತೊಂದರೆ ಕೊಡಬೇಡ' ಎಂಬ ಸೆಟ್ಟಿಂಗು ಆನ್ ಆಗಿದೆ. ಕರೆ ಬಂದರೂ ಅದು ಸದ್ದು ಮಾಡುವುದಿಲ್ಲ. ಮಕ್ಕಳ ಕರೆ ಕಾಯುವವರು ಇದನ್ನು ಗಮನಿಸಬೇಕು.

ಇನ್ನು ಆಂಟಿಯ ಹಳದಿ. ನಿಮಗೊಂದು ಸಂದೇಶವೋ ಸೂಚನೆಯೋ ಬಂದಿದೆ, ನೀವಿನ್ನೂ ಕೇಳಿಲ್ಲ ಎಂದು ಅದು ಹೇಳುತ್ತದೆ. "ಅಲೆಕ್ಸಾ, ವಾಟ್ ಆರ್ ಮೈ ನೋಟಿಫಿಕೇಶನ್ಸ್" ಎಂದರೆ ಓದಿ ಹೇಳುತ್ತದೆ. ಧ್ವನಿ ಸಂದೇಶವಾದರೆ "ಪ್ಲೇ ಮೈ ಮೆಸೇಜಸ್" ಎನ್ನಬೇಕು. ಕೇಳಿದ ಮೇಲೆ ದೀಪ ಆರುತ್ತದೆ. ನಮಗೆ ಇದರಲ್ಲಿ ಒಂದು ಸರಿಕಾಣದು: ಮಗನ ಮಾತಿಗೂ ಹಳದಿ, ಆನ್‌ಲೈನಿನಲ್ಲಿ ತರಿಸಿದ ಸೌಟು ಬಂತು ಎನ್ನುವುದಕ್ಕೂ ಅದೇ ಹಳದಿ. ಹತ್ತು ಸಲ ಸೌಟಿನ ಸುದ್ದಿಯೇ ಬಂದರೆ ಹನ್ನೊಂದನೆಯ ಸಲ ಯಾರು ಕೇಳುತ್ತಾರೆ? ಆ್ಯಪಿನ ನೋಟಿಫಿಕೇಶನ್ ವಿಭಾಗದಲ್ಲಿ ಶಾಪಿಂಗಿನ ಸೂಚನೆಗಳನ್ನು ನಿಲ್ಲಿಸಬಹುದು. ಆಂಟಿಯ ಮನೆಯಲ್ಲಿ ಮೊದಲು ಮಾಡಿಸಿದ ಕೆಲಸವೇ ಅದು. ಮಗ ದುಬೈಯಲ್ಲಿ ಕೂತೇ ಮಾಡಿದ.

ಹೇಳಬೇಕಾದ ಮಾತು ಇಂಗ್ಲಿಷಿನಲ್ಲೇ ಇರಬೇಕು ಎಂಬುದು ಇನ್ನೊಂದು ತೊಡಕು. 2019ರಿಂದ ಅದು ಹಿಂದಿಯನ್ನೂ ಕಲಿತಿದೆ. ಕೊಂಕಣಿ, ಕನ್ನಡ, ತುಳು, ಮಲಯಾಳ ನಾಲ್ಕನ್ನೂ ನೀರು ಕುಡಿದಂತೆ ಆಡುವ ಆಂಟಿ, "ನಮ್ಮದು ಒಂದೂ ಬಾರದ ಇದು ಎಂಥ ಬುದ್ಧಿವಂತ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ವಯರು ಸಿಕ್ಕಿಸಿದೆವು. ಎದ್ದು ಕೂತ ಕೂಡಲೇ ಅದು ಕೆಂಪು ಬಳೆ ತೊಟ್ಟಿತು. ಆಂಟಿಯ ಮುಖ ನೋಡಿದೆವು. ಅವರು ಆಚೆ ತಿರುಗಿದರು.

ಕೆಂಪು ಎಂದರೆ ಯಾರೋ ಮೈಕು ಬಂದ್ ಮಾಡಿದ್ದಾರೆ. ಮೈಕಿನ ಚಿತ್ರಕ್ಕೆ ಗೀಟು ಎಳೆದ ಗುಂಡಿ ಒತ್ತಿದರೆ ಹಾಗಾಗುತ್ತದೆ. ಆಗ ನೀವು ಎಷ್ಟು ಕೂಗಿದರೂ ಅದಕ್ಕೆ ಕೇಳಿಸದು. "ಒತ್ತಿದ್ದು ನಾನೇ" ಎಂದು ಆಂಟಿ ಒಪ್ಪಿಕೊಂಡರು. ಒಂದು ಮಧ್ಯಾಹ್ನ ನೆರೆಮನೆಯವರ ಜೊತೆ ಚಹಾ ಕುಡಿಯುತ್ತ ಸೊಸೆಯ ವಿಷಯ ಏನೋ ಮಾತು ಬಂದಿತ್ತಂತೆ. ಟಿಂಗ್ ಎಂದಿತು, ಹಸಿರು ದೀಪ ಸುತ್ತಿತು, ಯಾರೂ ಎತ್ತದೆಯೇ ಮೇಜಿನಿಂದ ಮಗನ ದನಿ: "ಅಮ್ಮಾ, ಏನು ಮಾತಾಡ್ತಿದ್ದೀರಿ?"

ಹಸಿರು ಮಿಡಿದರೆ ಕರೆ ಬರುತ್ತಿದೆ, ಹಸಿರು ಸುತ್ತಿದರೆ ಮಾತು ನಡೆಯುತ್ತಿದೆ. ಸಾಮಾನ್ಯ ಕರೆಯಾದರೆ "ಆನ್ಸರ್" ಎಂದು ನೀವು ಹೇಳಿದ ಮೇಲೆಯೇ ಜೋಡಣೆ. ಆದರೆ 'ಡ್ರಾಪ್ ಇನ್' ಎಂಬ ಇನ್ನೊಂದು ಬಗೆಯಿದೆ. ಅನುಮತಿ ಪಡೆದವರು ಬಾಗಿಲು ತಟ್ಟದೆ ಒಳಗೆ ಬಂದಂತೆ ನೇರವಾಗಿ ಬರುತ್ತಾರೆ. ಒಂಟಿಯಾಗಿರುವ ಹಿರಿಯರಿಗೆ ಏನಾದರೂ ಆದೀತು ಎಂಬ ಅಂಜಿಕೆಯಿಂದ ಮಕ್ಕಳು ಇದನ್ನು ಹಾಕಿಸುತ್ತಾರೆ. ಅಂಜಿಕೆ ನಿಜವೇ. ಆದರೆ ತಾಯಿಯನ್ನು ಕೇಳದೆ ಹಾಕಿಸಿದ್ದು ಸರಿಯಲ್ಲ ಎಂದು ಮಗನಿಗೆ ನಾವು ಹೇಳಿಯೇಬಿಟ್ಟೆವು.

ಆಂಟಿಗೂ ಒಂದು ಮಾತು ಹೇಳಬೇಕಿತ್ತು. "ಆಂಟಿ, ನೀವು ಬಚ್ಚಲಲ್ಲಿ ಜಾರಿಬಿದ್ದು, 'ಮಗನಿಗೆ ಫೋನು ಮಾಡು' ಎಂದು ಕೂಗಿದರೆ, ಕೆಂಪು ದೀಪ ಉರಿಯುವಾಗ ಇದಕ್ಕೆ ಕೇಳಿಸುವುದಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಗಂಡ ಬಿದ್ದದ್ದು ಅದೇ ಬಚ್ಚಲಲ್ಲಿ.

ಕೊನೆಗೆ ತಾಯಿ ಮಗನ ನಡುವೆ ಒಪ್ಪಂದವಾಯಿತು. ಹಗಲು ಮಗ ಸಾಮಾನ್ಯ ಕರೆಯನ್ನೇ ಮಾಡಬೇಕು. ಅದಕ್ಕೆ ಎರಡು ಸಲ ಉತ್ತರ ಬಾರದಿದ್ದರೆ ಮಾತ್ರ ಡ್ರಾಪ್ ಇನ್. ನೆಂಟರು ಬಂದಾಗ ಕೆಂಪು ಹಾಕುವ ಹಕ್ಕು ತಾಯಿಯದು. ರಾತ್ರಿ ಮಲಗುವ ಮುಂಚೆ ಕೆಂಪು ಆರಿದೆಯೇ ಎಂದು ನೋಡಬೇಕು, ಸ್ಪೀಕರು ಬಚ್ಚಲಿಗೆ ಕೇಳಿಸುವಷ್ಟು ಹತ್ತಿರ ಇರಬೇಕು. ಆದರೂ ಇದೊಂದನ್ನೇ ನಂಬಿ ಕೂರುವಂತಿಲ್ಲ. 112ರಂಥ ತುರ್ತು ನಂಬರಿಗೆ ಇದರಿಂದ ಕರೆ ಹೋಗುವುದಿಲ್ಲ. ಇದಕ್ಕೆ ಬ್ಯಾಟರಿಯಿಲ್ಲ, ಕರೆಂಟು ಹೋದರೆ ಇದೂ ಹೋಯಿತು. ಆದ್ದರಿಂದ ಆಂಟಿಯ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಟ್ಟೆವು. ಈಗ ಒಳಗಿನಿಂದಲೂ ಕರೆ ಹೋಗುತ್ತದೆ. ಕರೆಂಟಿಲ್ಲದ ಹೊತ್ತಿಗೆ ಅಂಗಳದ ಮೂಲೆಯೇ ಗತಿ, ಇಲ್ಲವೇ ನೆರೆಮನೆ.

ಕಣ್ಣಿನ ಮಾತೂ ಒಂದಿದೆ. ಪೊರೆ ಬಂದ ಕಣ್ಣಿಗೆ ನೀಲಿ, ನೇರಳೆ ಬೇರೆ ಬೇರೆಯಾಗಿ ಕಾಣುವುದು ಕಷ್ಟ. ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರಿನ ಭೇದ ತಿಳಿಯದು. ಅಂಥವರ ಮನೆಯಲ್ಲಿ, ಕೇಳಿಸಿಕೊಂಡಾಗ ಸಣ್ಣ ಸದ್ದು ಮಾಡುವ ಹಾಗೆ ಆ್ಯಪಿನಲ್ಲಿ ಇಟ್ಟುಕೊಡಿ.

ಹೋದ ವಾರ ಪುನಃ ಆ ಮನೆಗೆ ಹೋದೆವು. ಫ್ರಿಜ್ಜಿನ ಬಾಗಿಲಿಗೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿತ್ತು. ನೆರೆಮನೆಯ ಹುಡುಗಿ ಸ್ಕೆಚ್ ಪೆನ್ನಿನಲ್ಲಿ ಬಣ್ಣದ ಬಳೆಗಳನ್ನು ಬರೆದಿದ್ದಾಳೆ, ಪಕ್ಕದಲ್ಲಿ ಆಂಟಿ ಹೇಳಿ ಬರೆಸಿದ ಅರ್ಥ. ಹಳದಿಯ ಎದುರು 'ಮಗ ಏನೋ ಹೇಳಿದ್ದಾನೆ, ಕೇಳು' ಎಂದಿತ್ತು. ಕಿತ್ತಳೆಗೆ 'ಮುಟ್ಟಬೇಡ'. ಹಸಿರಿನ ಎದುರು, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, 'ಸೊಸೆಯ ಸುದ್ದಿ ನಿಲ್ಲಿಸು'.