ಮಾತು ಕಲಿಸದೆ ಸದ್ದು ಮಾರುವವರು

ಏಪ್ರಿಲ್ ಬಂತೆಂದರೆ ತಾಲ್ಲೂಕು ಕೇಂದ್ರಗಳಲ್ಲೂ ಪ್ರೀ ಸ್ಕೂಲ್‌ಗಳ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. ಸ್ಮಾರ್ಟ್ ಕ್ಲಾಸ್, ಶಾಲಾ ವ್ಯಾನ್, ಸಿ.ಸಿ. ಕ್ಯಾಮೆರಾಗಳ ಸಾಲಿಗೆ ಈಗ ಇನ್ನೊಂದು ಆಮಿಷ ಸೇರಿದೆ: 'ಫೋನಿಕ್ಸ್ ಪದ್ಧತಿಯಲ್ಲಿ ಬೋಧನೆ', ಅಂದರೆ ಅಕ್ಷರಕ್ಕೆ ಸದ್ದು ಹೊಂದಿಸಿ ಓದು ಕಲಿಸುವುದು. ಅದರ ಬೆನ್ನಿಗೆ ಫ್ಲ್ಯಾಶ್ ಕಾರ್ಡ್, ವರ್ಕ್‌ಬುಕ್, ಸದ್ದು ಹೊರಡಿಸುವ ಪೆನ್ನು ಎಲ್ಲ ಸೇರಿದ ಕಿಟ್. ಕಿಟ್‌ನ ಬೆನ್ನಿಗೆ ಪ್ರತ್ಯೇಕ ಶುಲ್ಕ. ಸರ್ಕಾರವೂ ಇಂಗ್ಲಿಷಿನ ದಾರಿಗೆ ಇಳಿದಿದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದ ಮೇಲೆ, ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಲಿಸುವ ದ್ವಿಭಾಷಾ ತರಗತಿಗಳಿಗೆ ಬೇಡಿಕೆ ಏರುತ್ತಲೇ ಇದೆ.

ಇದರ ಸುತ್ತ ನಡೆಯುತ್ತಿರುವ ಜಗಳ ಹಳೆಯದು. ಕನ್ನಡವೋ, ಇಂಗ್ಲಿಷೋ? 1994ರ ಭಾಷಾ ನೀತಿಯಿಂದ ಹಿಡಿದು 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಇಪ್ಪತ್ತು ವರ್ಷ ಅದನ್ನೇ ಎಳೆದಾಡಿದೆವು. ಮಾಧ್ಯಮ ಯಾವುದಾದರೂ ಇರಲಿ, ಆರು ವರ್ಷದ ಮಗುವನ್ನು ಕೂರಿಸಿಕೊಂಡು ಓದು ಬರಹವನ್ನು ಹೇಗೆ ಕಲಿಸುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ಖಾಲಿ ಜಾಗಕ್ಕೆ ಕಿಟ್ ಮಾರುವವರು ಬಂದು ಕೂತಿದ್ದಾರೆ.

ಫೋನಿಕ್ಸ್ ಮೋಸದ ವಿದ್ಯೆಯಲ್ಲ. ಇಂಗ್ಲಿಷಿನ 26 ಅಕ್ಷರಗಳು ಸುಮಾರು 44 ಸದ್ದುಗಳನ್ನು ಹೊರಬೇಕು. ಯಾವ ಅಕ್ಷರಕ್ಕೆ ಯಾವ ಸದ್ದು ಎಂದು ಕ್ರಮವಾಗಿ ಹೇಳಿಕೊಡದಿದ್ದರೆ ಅನೇಕ ಮಕ್ಕಳು ಊಹೆಯಲ್ಲೇ ಓದುತ್ತಾ ಹಿಂದೆ ಬೀಳುತ್ತಾರೆ. ಅಮೆರಿಕದಲ್ಲಿ 1955ರಲ್ಲಿ ರುಡಾಲ್ಫ್ ಫ್ಲೆಶ್ ತಮ್ಮ ಪುಸ್ತಕದಲ್ಲಿ ಎತ್ತಿದ ಈ ತಕರಾರು ದಶಕಗಳ ಕಾಲ ನಡೆಯಿತು. 2000ದಲ್ಲಿ ಅಲ್ಲಿನ ರಾಷ್ಟ್ರೀಯ ಓದು ಸಮಿತಿಯೂ, 2006ರಲ್ಲಿ ಇಂಗ್ಲೆಂಡಿನ ರೋಸ್ ವರದಿಯೂ ಫೋನಿಕ್ಸ್ ಪರ ನಿಂತವು. ಇಷ್ಟನ್ನು ಕಿಟ್ ಮಾರುವವರೂ ಹೇಳುತ್ತಾರೆ. ಮುಂದಿನದನ್ನು ಹೇಳುವುದಿಲ್ಲ.

ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ವರ್ಷದ ತರಗತಿಯ ಮಕ್ಕಳಿಗೆ ಫೋನಿಕ್ಸ್ ಪರೀಕ್ಷೆ ಇದೆ. 40 ಪದಗಳನ್ನು ಓದಬೇಕು. ಅದರಲ್ಲಿ 20 ಪದಗಳು ಬೇಕೆಂದೇ ಹುಟ್ಟಿಸಿದ ಸುಳ್ಳು ಪದಗಳು. ಮಗು ನೆನಪಿನಿಂದ ಹೇಳದೆ ಅಕ್ಷರ ಕೂಡಿಸಿ ಓದುತ್ತದೆಯೇ ಎಂದು ನೋಡಲು ಇಟ್ಟವು. ಉಳಿದ 20 ನಿಜವಾದ ಪದಗಳು. ಅವುಗಳಲ್ಲಿ ಬಹುಪಾಲನ್ನು ಆ ಮಗು ಮನೆಯಲ್ಲಿ, ಅಂಗಡಿಯಲ್ಲಿ, ಟಿ.ವಿ.ಯಲ್ಲಿ ಕೇಳಿ ಬಂದಿರುತ್ತದೆ. ಅಕ್ಷರ ಕೂಡಿಸಿದ ಕೂಡಲೇ ಕಿವಿಯಲ್ಲಿ ಮೊದಲೇ ಇದ್ದ ಮಾತು ಸಿಕ್ಕಿಬಿಡುತ್ತದೆ. ಅದೇ ಹಾಳೆಯನ್ನು ಹರಪನಹಳ್ಳಿಯ ಒಂದನೇ ತರಗತಿಯ ಮಗುವಿನ ಮುಂದೆ ಇಡಿ. ಅದಕ್ಕೆ ಹೆಚ್ಚುಕಡಿಮೆ 40ಕ್ಕೆ 40 ಪದಗಳೂ ಸುಳ್ಳು ಪದಗಳೇ.

ಎಲ್‌ಕೆಜಿ, ಯುಕೆಜಿ ವರ್ಕ್‌ಬುಕ್‌ಗಳ ಮೂರಕ್ಷರದ ಪದಪಟ್ಟಿಯನ್ನೇ ನೋಡಿ: ವಿಗ್, ಫಿಗ್, ಜಿಗ್, ಹೆಮ್, ವೆಟ್. ಮಗು 'ಫ್-ಇ-ಗ್, ಫಿಗ್' ಎಂದು ತಪ್ಪಿಲ್ಲದೆ ಕೂಡಿಸುತ್ತದೆ. ಅಪ್ಪ ಅಮ್ಮ ಮೊಬೈಲಿನಲ್ಲಿ ವಿಡಿಯೊ ಮಾಡಿ ನೆಂಟರ ಗುಂಪಿಗೆ ಕಳಿಸುತ್ತಾರೆ. ಫಿಗ್ ಎಂದರೆ ಏನು ಪುಟ್ಟಾ ಎಂದು ಕೇಳಿದರೆ ಮಗು ಮುಖ ನೋಡುತ್ತದೆ. ಅಂಜೂರ ಅದಕ್ಕೆ ಗೊತ್ತು, ತಿಂದಿದೆ. ಆ ಸದ್ದಿಗೂ ಈ ಹಣ್ಣಿಗೂ ಗಂಟು ಬಿದ್ದಿಲ್ಲ, ಅಷ್ಟೇ. ಇನ್ನು 'ವೆಟ್' ಎಂದರೆ ದನದ ಡಾಕ್ಟರೋ, ಒದ್ದೆ ಎಂದೋ? ಇಂಗ್ಲಿಷಿನ ಎರಡು ಬೇರೆ ಸದ್ದುಗಳಿಗೆ ನಮ್ಮ ಬಾಯಲ್ಲಿ ಇರುವುದು ಒಂದೇ 'ವ'. ಆ ಭೇದ ಕಲಿಸಬೇಕಾದ ಮಿಸ್‌ಗೂ ಯಾರೂ ಅದನ್ನು ಹೇಳಿಕೊಟ್ಟಿರುವುದಿಲ್ಲ.

ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಸರಳವಾದೊಂದು ಸೂತ್ರ ಕೊಟ್ಟರು: ಓದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಮಾತು ಅರಿಯುವ ಶಕ್ತಿ. ಕೂಡಿಸು ಅಲ್ಲ, ಗುಣಿಸು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರ ಸೊನ್ನೆ. ಫೋನಿಕ್ಸ್ ಪರವಾದ ರೋಸ್ ವರದಿಯೇ ಈ ಸೂತ್ರವನ್ನು ಒಪ್ಪಿಕೊಂಡಿತ್ತು. ನಮ್ಮ ಪ್ರೀ ಸ್ಕೂಲ್‌ಗಳು ಸೂತ್ರದ ಅರ್ಧವನ್ನು ಮಾರಿ ಪೂರ್ತಿ ಹಣ ವಸೂಲು ಮಾಡುತ್ತಿವೆ.

ಫೋನಿಕ್ಸ್‌ನ ಜಾಣತನವೆಂದು ಹೊಗಳುವ ಕ್ರಮ ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಹಳ ಹಿಂದಿನಿಂದಲೂ ಇದೆ ಎಂಬುದು ಇನ್ನೂ ಸೋಜಿಗ. ಬ್ರಿಟನ್ನಿನ ಜಾಲಿ ಫೋನಿಕ್ಸ್ ವರ್ಣಮಾಲೆಯ ಸಾಲನ್ನು ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಎಂಬ ಆರು ಅಕ್ಷರಗಳಿಂದ ಶುರುವಾಗುತ್ತದೆ. ಕಡಿಮೆ ಅಕ್ಷರದಲ್ಲಿ ಹೆಚ್ಚು ಪದ ಸಿಗುತ್ತವೆ ಎಂಬ ಕಾರಣಕ್ಕೆ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯ ಮಕ್ಕಳು 'ಅ ಆ ಇ ಈ' ಬಿಟ್ಟು 'ರ ಗ ಸ ದ ಅ' ಎಂದು ಆರಂಭಿಸುವುದೂ ಅದಕ್ಕೇ. ಐದೇ ಅಕ್ಷರಗಳಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ. ಬರೆಯಲು ದುಂಡಗಿನ ಸುಲಭ ಆಕಾರಗಳು. ಕೊನೆಯ ಅಕ್ಷರದಿಂದ ಮುಂದಿನ ಪದ ಕಟ್ಟುವ ಪದಬಂಡಿ ಆಟದಲ್ಲಿ ಒಬ್ಬ 'ಅರಸ' ಎಂದರೆ ಮುಂದಿನವಳು 'ಸರ' ಎನ್ನಬೇಕು, ಅವಳ ಪಕ್ಕದವನು 'ರಸ' ಎನ್ನಬೇಕು. ಪದಬಂಡಿ ಮೊದಲ ತಿಂಗಳಲ್ಲೇ ಓಡುತ್ತದೆ. ಪದಕ್ಕೆ ಪದ ಕಟ್ಟಿಕೊಳ್ಳುವಷ್ಟು ಮಾತು ಮಗುವಿನ ಬಾಯಲ್ಲಿ ಮೊದಲೇ ಇರುವುದರಿಂದ ಅದು ಓಡುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಶಿಕ್ಷಕರು ಶುರುಮಾಡಿದ ನಲಿಕಲಿ 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿತು. ಕಲಿಕಾ ಏಣಿ, ಮಕ್ಕಳ ಎತ್ತರಕ್ಕೇ ಇಳಿಸಿದ ಗೋಡೆ ಹಲಗೆ, ತಲೆಯ ಮೇಲೆ ಚಪ್ಪರದಂತೆ ತೂಗುವ ಮಕ್ಕಳ ಚಿತ್ರ ಬರಹ, ಇವೆಲ್ಲ ನಮ್ಮ ಮೇಷ್ಟ್ರುಗಳು ಇಲ್ಲಿಗೆ ಒಗ್ಗಿಸಿಕೊಂಡು ಕಟ್ಟಿದ್ದು. 'ಒಂದನೇ ಕ್ಲಾಸ್ ಮುಗಿದರೂ ಮಗುವಿಗೆ ಅ ಆ ಇ ಈ ಸಾಲಾಗಿ ಬರಲ್ಲ' ಎಂದು ಪೋಷಕರು ದೂರಿದರು. ಅದೇ ಪೋಷಕರು ಈಗ ಎ ಬಿ ಸಿ ಡಿ ಸಾಲು ಬಿಟ್ಟು ಕಲಿಸುವ ಫೋನಿಕ್ಸ್‌ಗೆ ದುಡ್ಡು ಕಟ್ಟಿ ಸಾಲಿನಲ್ಲಿ ನಿಂತಿದ್ದಾರೆ.

ಹಾಗೆಂದು ಕನ್ನಡದ ಕಲಿಕೆ ಚೆನ್ನಾಗಿದೆ ಎಂದು ಬೀಗುವ ಹಾಗಿಲ್ಲ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ 2022ರ ಅಸರ್ ಸಮೀಕ್ಷೆಯಲ್ಲಿ, ರಾಜ್ಯದ ಹಳ್ಳಿಗಳ ಐದನೇ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಎರಡನೇ ತರಗತಿಯ ಪಾಠ ಓದಲಾರದೆ ಹೋದರು. ವೇದಿಕೆಯ ಮೇಲೆ ಕನ್ನಡ ಉಳಿಸಿ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ಕನ್ನಡದ ಲಿಪಿ ನೋಡಲು ಸುಲಭ, ಅರಗಿಸಿಕೊಳ್ಳಲು ಉದ್ದ. 49 ವರ್ಣಗಳು ಬಂದರೆ ಮುಗಿಯಲಿಲ್ಲ; ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ಆಕಾರಗಳು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಇಂಗ್ಲಿಷ್ ಅಕ್ಷರಗಳಿಗಿಂತ ಕನ್ನಡದ ಅಕ್ಷರ ಕೈವಶವಾಗಲು ಹೆಚ್ಚು ಕಾಲ ಬೇಕು, ಅದು ನಾಲ್ಕನೇ ತರಗತಿಯವರೆಗೂ ನಡೆದಿರುತ್ತದೆ. ನಾವಾದರೋ ನಲಿಕಲಿಯ ಆಟವನ್ನು ಮೂರನೇ ತರಗತಿಗೆ ನಿಲ್ಲಿಸುತ್ತೇವೆ. ಒತ್ತಕ್ಷರ ಕಾಡುವ ಹೊತ್ತಿಗೆ ಮಗುವಿನ ಕೈಗೆ ಸಿಗುವುದು ಕಾಪಿ ಬರಹ ಮಾತ್ರ.

ಆಟಕ್ಕೆ ಬೇಕಾದ ಸಾಮಗ್ರಿ ನಮ್ಮ ಭಾಷೆಯೊಳಗೇ ಇದೆ. ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ ಎಂದು ಸ್ವರಚಿಹ್ನೆಗೆಲ್ಲ ಹೆಸರಿಟ್ಟ ಪರಂಪರೆ ನಮ್ಮದು. ಅಂಗಳದಲ್ಲಿ ಕುಂಟಾಬಿಲ್ಲೆಯ ಚೌಕ ಗೀಚಿ ಒಂದೊಂದು ಮನೆಗೆ ಒಂದೊಂದು ಚಿಹ್ನೆ ಬರೆಯಿರಿ. ಹಲಗೆಯ ಮೇಲೆ 'ಕರ' ಇರಲಿ. ಬಿಲ್ಲೆ ಗುಡಿಸಿನ ಮನೆಗೆ ಬಿದ್ದರೆ 'ಕರಿ', ಕೊಂಬಿಗೆ ಬಿದ್ದರೆ 'ಕರು', ಏತ್ವಕ್ಕೆ ಬಿದ್ದರೆ 'ಕರೆ'. 'ಕರಿ' ಬಂದ ಮೇಲೆ ಮೊದಲ ಅಕ್ಷರಕ್ಕೂ ಒಂದು ಬಿಲ್ಲೆ ಎಸೆಯಲಿ: ಕೊಂಬು ಬಿದ್ದರೆ 'ಕುರಿ', ಗುಡಿಸು ಬಿದ್ದರೆ 'ಕಿರಿ'. ಕುಂಟುತ್ತಾ ಹೋದ ಮಗು ಪದ ಕೂಗಿ, ಮಣ್ಣಿನಲ್ಲಿ ಬರೆದು ತೋರಿಸಬೇಕು. ವ್ಯಂಜನ ಒಂದು, ಅದಕ್ಕೆ ಅಂಟುವ ಸ್ವರ ಇನ್ನೊಂದು ಎಂಬ ಅರಿವು ಪಾಠವಿಲ್ಲದೆ ಬರುತ್ತದೆ. ಫೋನಿಕ್ಸ್ ಹೇಳಿಕೊಡಬೇಕೆನ್ನುವುದೂ ಇದನ್ನೇ. ಇಲ್ಲಿ ಖರ್ಚು ಒಂದು ತುಂಡು ಸೀಮೆಸುಣ್ಣ.

ಹಾಗೆ ಬರೆಯುವಾಗ ಧಾರವಾಡದ ಮಗು 'ಮನಿ' ಎಂದೂ ಮಂಡ್ಯದ ಮಗು ಹಾಲನ್ನು 'ಆಲು' ಎಂದೂ ಬರೆದೀತು. ಕೆಂಪು ಶಾಯಿ ಹಚ್ಚುವ ಮೊದಲು ಒಂದು ಮಾತು: ಆ ಮಗು ಕೇಳಿದ್ದನ್ನು ಕೇಳಿದಂತೆಯೇ ಬರೆದಿದೆ, ಅದರ ಕಿವಿ ಚುರುಕಾಗಿದೆ. 'ನಮ್ಮ ಮಾತಲ್ಲಿ ಮನಿ, ಪುಸ್ತಕದಲ್ಲಿ ಮನೆ' ಎಂದು ಹೇಳಿಕೊಟ್ಟರೆ ಸಾಕು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. 'ನಿಮ್ಮ ಮಕ್ಕಳಿಗೆ ಇಂಗ್ಲಿಷ್ ಕೊಡಿಸಿ, ನಮ್ಮ ಮಕ್ಕಳಿಗೆ ಕುಂಟಾಬಿಲ್ಲೆ ಆಡಿಸುತ್ತೀರಾ?' ದಲಿತ, ಹಿಂದುಳಿದ ಸಮುದಾಯಗಳ ತಂದೆ ತಾಯಿ ಹೀಗೆ ಕೇಳಿದರೆ ಸಿಟ್ಟಾಗುವ ಹಕ್ಕು ಯಾರಿಗೂ ಇಲ್ಲ. ಇಂಗ್ಲಿಷ್ ಆ ಮಕ್ಕಳ ಹಕ್ಕು. ಹಕ್ಕಾದ್ದರಿಂದಲೇ ಅರ್ಧ ಇಂಗ್ಲಿಷ್ ಕೊಟ್ಟು ಸಾಗಹಾಕಬಾರದು ಎನ್ನುತ್ತಿದ್ದೇನೆ. ಮನೆಯಲ್ಲಿ ಇಂಗ್ಲಿಷ್ ಆಡುವ ಮಗುವಿಗೆ ಫೋನಿಕ್ಸ್ ಕಾರ್ಡ್ ದಕ್ಕುತ್ತದೆ. ಅಪ್ಪ ಗಾರೆ ಕೆಲಸಕ್ಕೂ ಅಮ್ಮ ಗಾರ್ಮೆಂಟ್ಸ್‌ಗೂ ಹೋಗುವ ಮನೆಯ ಮಗುವಿಗೆ ಶಾಲೆಯಲ್ಲೇ ಆ ಮಾತು ಸಿಗಬೇಕು. ಮಾತು ಕೊಡದೆ ಕಾರ್ಡ್ ಮಾತ್ರ ಕೊಟ್ಟರೆ ಹಿಂದುಳಿಯುವುದು ಈ ಮಗುವೇ.

ಹಾಗಾದರೆ ಆಗಬೇಕಾದ್ದೇನು? ದ್ವಿಭಾಷಾ ವಿಭಾಗಗಳಲ್ಲಿ ಒಂದನೇ ತರಗತಿಯ ಇಂಗ್ಲಿಷ್ ಪೂರ್ತಿ ಕಿವಿ ಬಾಯಿಗಳದ್ದಾಗಲಿ: ಕಥೆ, ಹಾಡು, 'ಬಾಗಿಲು ಹಾಕು', 'ಚೀಲ ತಾ' ಎಂಬಂಥ ಆಟದ ಆಜ್ಞೆಗಳು. ಆ ವರ್ಷ ಓದು ಬರಹವೆಲ್ಲ ಕನ್ನಡದಲ್ಲಿ ಗಟ್ಟಿಯಾಗಲಿ. ಇಂಗ್ಲಿಷಿನ ಫೋನಿಕ್ಸ್ ಎರಡನೇ ತರಗತಿಯಲ್ಲಿ ಬರಲಿ, ಮಗು ಕೇಳಿ ಬಲ್ಲ ಪದಗಳಲ್ಲೇ ಬರಲಿ. ಎಲ್‌ಕೆಜಿ ಮಕ್ಕಳಿಗೆ ನಾಲ್ಕು ಗೆರೆ ಕಾಪಿಯ ಹೋಂವರ್ಕ್ ನಿಷೇಧವಾಗಲಿ. ಬೆರಳು ಬಲಿಯದ ಕೈಗೆ ಮಣ್ಣು, ಹಿಟ್ಟು, ಚುಕ್ಕಿ ರಂಗೋಲಿ ಸಾಕು. ಕಾಗುಣಿತ, ಒತ್ತಕ್ಷರದ ಆಟಗಳು ನಾಲ್ಕನೇ ತರಗತಿಯವರೆಗೆ ಪಠ್ಯದೊಳಗೇ ಇರಲಿ. ಒಂದರಿಂದ ಮೂರರವರೆಗೆ ಒಟ್ಟಿಗೆ ನೋಡಿಕೊಳ್ಳುವ ಶಿಕ್ಷಕಿಯ ತಲೆ ಮೇಲಿಂದ ದಾಖಲೆ ತುಂಬುವ ಕೆಲಸ ಇಳಿಯಲಿ. ಆಟ ಆಡಿಸಲು ಪುರಸೊತ್ತು ಬೇಕು.

ಪೋಷಕರಿಗೆ ಹೇಳುವುದು ಇಷ್ಟು. ಶಾಲೆಗೆ ಸೇರಿಸುವ ದಿನ 'ಫೋನಿಕ್ಸ್ ಇದೆಯಾ?' ಎಂದು ಕೇಳಬೇಡಿ, ಇದೆ ಎಂದೇ ಅನ್ನುತ್ತಾರೆ. 'ನನ್ನ ಮಗು ದಿನಕ್ಕೆ ಎಷ್ಟು ಹೊತ್ತು ಬಾಯಿಬಿಟ್ಟು ಮಾತಾಡುತ್ತದೆ, ಎಷ್ಟು ಕಥೆ ಕೇಳುತ್ತದೆ?' ಎಂದು ಕೇಳಿ. ಅದಕ್ಕೆ ಉತ್ತರ ಕೊಡಲಾಗದ ಶಾಲೆಗೆ ಕಿಟ್‌ನ ದುಡ್ಡು ಕಟ್ಟಬೇಡಿ.