ಪಾಠ ಆಗಿತ್ತು, ಬೀಗ ಇರಲಿಲ್ಲ

2015ರ ಅಕ್ಟೋಬರ್. ಅಮೆರಿಕದ ಟೆನೆಸ್ಸಿ ರಾಜ್ಯದ ವೈಟ್ ಪೈನ್ ಎಂಬ ಪುಟ್ಟ ಊರು. ಹನ್ನೊಂದು ವರ್ಷದ ಹುಡುಗನೊಬ್ಬ ನೆರೆಮನೆಯ ಎಂಟು ವರ್ಷದ ಹುಡುಗಿಯನ್ನು ನಾಯಿಮರಿ ತೋರಿಸು ಎಂದು ಕೇಳಿದ. ಅವಳು ಒಲ್ಲೆ ಎಂದಳು. ಅವನು ಅಪ್ಪನ ಶಾಟ್‌ಗನ್ ತೆಗೆದುಕೊಂಡು ಮನೆಯೊಳಗಿಂದಲೇ ಗುಂಡು ಹಾರಿಸಿದ. ಹುಡುಗಿ ಸತ್ತಳು.

ಆ ಪ್ರಕರಣದಲ್ಲಿ ನ್ಯಾಯಾಲಯ ದಾಖಲಿಸಿದ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಹುಡುಗನಿಗೆ ಅಪ್ಪನೂ ಅಜ್ಜನೂ ಬಂದೂಕಿನ ಬಳಕೆ ಕಲಿಸಿದ್ದರು, ಅವನು ಬೇಟೆಗೂ ಹೋಗಿ ಬಂದಿದ್ದ. ಪಾಠವೆಲ್ಲ ಆಗಿತ್ತು. ಇಲ್ಲದಿದ್ದದ್ದು ಕಪಾಟಿಗೊಂದು ಬೀಗ.

ಬಂದೂಕನ್ನು ಮಕ್ಕಳ ಕೈಗೆ ಸಿಗುವಂತೆ ಬಿಟ್ಟ ದೊಡ್ಡವರನ್ನು ಹೊಣೆ ಮಾಡುವ ಮಸೂದೆ ಆಮೇಲೆ ಬಂತು, ಟೆನೆಸ್ಸಿಯ ಶಾಸನಸಭೆಯಲ್ಲಿ ಸೋತಿತು. ಅದೇ ಸಭೆ 2024ರಲ್ಲಿ ಬೇರೊಂದು ಕಾನೂನು ಮಾಡಿತು: ಶಾಲೆಗಳಲ್ಲಿ ಪುಟ್ಟ ಮಕ್ಕಳಿಗೂ ಬಂದೂಕು ಸುರಕ್ಷತೆಯ ಪಾಠ ಕಡ್ಡಾಯ. ಅರ್ಕನ್ಸಾ, ಯೂಟಾ ಅದೇ ದಾರಿ ಹಿಡಿದವು. ಮಕ್ಕಳಿಗೆ ಕರ್ತವ್ಯ, ದೊಡ್ಡವರಿಗೆ ವಿನಾಯಿತಿ. ನನ್ನ ತಕರಾರು ಇರುವುದು ಇಲ್ಲಿ.

ಪಾಠ ಬೇಡವೆಂದು ನಾನು ಹೇಳುತ್ತಿಲ್ಲ. ಜಿಂಕೆ ಬೇಟೆಯ ಕಾಲಕ್ಕಾಗಿ ವರ್ಷವಿಡೀ ಕಾಯುವ ಹಳ್ಳಿಗಾಡಿನ ಕುಟುಂಬಗಳಲ್ಲಿ ಬಂದೂಕು ಬದುಕಿನ ಭಾಗ. ಅಲ್ಲಿ ಅದನ್ನು ಮಕ್ಕಳಿಂದ ಗುಟ್ಟಾಗಿಡುವುದು ಆಗದ ಮಾತು, ಬೇಕಾಗಿಯೂ ಇಲ್ಲ. ಬಂದೂಕುದಾರರ ಸಂಘ ಎನ್‌ಆರ್‌ಎ 1988ರಿಂದ ಎಡ್ಡಿ ಎಂಬ ಹದ್ದಿನ ಬೊಂಬೆಯ ಮೂಲಕ ಹೇಳಿಸುತ್ತಿರುವುದೂ ಒಳ್ಳೆಯ ಮಾತೇ: ನಿಲ್ಲು, ಮುಟ್ಟಬೇಡ, ಓಡು, ದೊಡ್ಡವರಿಗೆ ಹೇಳು. ಆದರೆ ಕಂಠಪಾಠ ಕೈಯನ್ನು ಕಟ್ಟಿಹಾಕುತ್ತದೆಯೇ?

2001ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಿ. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರ್‌ನಲ್ಲಿ ಗುಂಡು ತುಂಬದ ನಿಜವಾದ ಪಿಸ್ತೂಲು. 48 ಹುಡುಗರ ಕಣ್ಣಿಗೆ ಅದು ಬಿತ್ತು, 30 ಮಂದಿ ಕೈಗೆತ್ತಿಕೊಂಡರು, 16 ಮಂದಿ ಕುದುರೆ ಎಳೆದರು. ಹಾಗೆ ಮುಟ್ಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ತಮಗೆ ಮೊದಲೇ ಸುರಕ್ಷತೆಯ ಪಾಠ ಆಗಿದೆ ಎಂದಿದ್ದರು. ಆ ಹುಡುಗರಲ್ಲಿ ದೋಷವಿಲ್ಲ. ಕಂಡದ್ದನ್ನು ಮುಟ್ಟಿ ನೋಡುವುದು ಆ ವಯಸ್ಸಿನ ಗುಣ. ಅದಕ್ಕೇ ಅಲ್ಲವೇ ನಾವು ಔಷಧಿಯ ಬಾಟಲಿಯನ್ನು ಅಟ್ಟದ ಮೇಲಿಡುವುದು?

2020ರಿಂದ ಅಮೆರಿಕದಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದೊಳಗಿನವರ ಸಾವಿಗೆ ಗುಂಡೇ ಮೊದಲ ಕಾರಣ, ವಾಹನ ಅಪಘಾತವನ್ನೂ ಹಿಂದಿಕ್ಕಿದೆ. ಬೀಗದ ಕಾನೂನು ಹಕ್ಕಿನ ಮೇಲೆ ದಾಳಿ ಎನ್ನುವವರಿಗೆ ಫ್ಲೋರಿಡಾವನ್ನು ನೆನಪಿಸಬೇಕು. ಬಂದೂಕುಪ್ರಿಯರ ಆ ರಾಜ್ಯವೇ 1989ರಲ್ಲಿ, ದೇಶದಲ್ಲೇ ಮೊದಲಿಗೆ, ಇಂಥ ಕಾನೂನು ಮಾಡಿತು. ಅಲ್ಲಿ ಯಾರ ಬಂದೂಕೂ ಕಳೆದುಹೋಗಲಿಲ್ಲ. ಮಿಷಿಗನ್‌ನಲ್ಲಿ ಮಗ ಶಾಲೆಯಲ್ಲಿ ನಾಲ್ವರನ್ನು ಕೊಂದದ್ದಕ್ಕೆ 2024ರಲ್ಲಿ ತಂದೆತಾಯಿ ಇಬ್ಬರಿಗೂ ಜೈಲು ಶಿಕ್ಷೆಯಾಯಿತು. ಆ ಹೊಣೆ ನಾಲ್ಕು ಹೆಣ ಬೀಳುವ ಮೊದಲೇ ಅವರ ಮೇಲೆ ಇರಬೇಕಿತ್ತು.

ಅಮೆರಿಕದಲ್ಲಿರುವ ನಮ್ಮ ಕನ್ನಡ ಮನೆಗಳಿಗೂ ಒಂದು ಮಾತು. ಮಗು ಹುಟ್ಟುಹಬ್ಬಕ್ಕೆ ಹೊರಟರೆ ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ಫೋನ್ ಮಾಡಿ ಕೇಳುತ್ತೇವೆ. ಅದೇ ಫೋನಿನಲ್ಲಿ, ಮನೆಯಲ್ಲಿ ಬಂದೂಕು ಇದೆಯೇ, ಬೀಗದಲ್ಲಿದೆಯೇ ಎಂದೂ ಕೇಳಿ. ಆ ದೇಶದ ಮಕ್ಕಳ ವೈದ್ಯರು ತಂದೆತಾಯಿಗೆ ಹೇಳುವುದೂ ಅದನ್ನೇ.